ಹನ್ನೊಂದು ವರ್ಷ ಅಟಾರಿ 2600ರ ಜೊತೆ: ಹೆಸರು ಕೆಟ್ಟ ಆಟಗಳನ್ನೇ ಆಡಿ ನೋಡಿದ ಮೇಲೆ

ಮೊನ್ನೆ ರಾತ್ರಿ ಮತ್ತೆ ಗುಂಡಿಗೆ ಬಿದ್ದೆ. ಬಿದ್ದದ್ದು ಪರದೆಯ ಮೇಲಿನ ಹಸಿರು ಜೀವಿ ಎನ್ನುವುದು ನಿಜ, ಆದರೆ ಹನ್ನೊಂದು ವರ್ಷ ಅದೇ ಗುಂಡಿಗಳಿಗೆ ಬೀಳುತ್ತಾ ಬಂದವನಿಗೆ ಆ ವ್ಯತ್ಯಾಸ ಮರೆತೇ ಹೋಗಿರುತ್ತದೆ. ಕನ್ನಡದಲ್ಲಿ ಹಳ್ಳಕ್ಕೂ ಗುಂಡಿ, ಬಟನ್‌ಗೂ ಗುಂಡಿ. ‘ಇ.ಟಿ.’ ಎಂಬ ವಿಡಿಯೊ ಆಟವನ್ನು ವಿವರಿಸಲು ಇಷ್ಟು ಅನುಕೂಲದ ಭಾಷೆ ಇನ್ನೊಂದಿರಲಾರದು: ಗುಂಡಿಗೆ ಬಿದ್ದರೆ ಗುಂಡಿ ಒತ್ತಬೇಕು, ಮೇಲೆ ಬಂದ ಕೂಡಲೇ ಪಕ್ಕಕ್ಕೆ ಸರಿಯದಿದ್ದರೆ ಮತ್ತೆ ಗುಂಡಿ.

ವಿಮರ್ಶೆಗೆ ಇಟ್ಟುಕೊಂಡಿರುವ ವಸ್ತು ಇದು: ನಾಲ್ಕು ಸ್ವಿಚ್ಚಿನ, ಮುಖದ ಮೇಲೆ ಮರದ ಗೆರೆಗಳ ಚಿತ್ರ ಅಂಟಿಸಿದ ಅಟಾರಿ 2600 ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರ), ಎರಡು ಜಾಯ್‌ಸ್ಟಿಕ್, ಮತ್ತು ಒಂದು ರಟ್ಟಿನ ಪೆಟ್ಟಿಗೆ ತುಂಬ ಕಾರ್ಟ್ರಿಜ್‌ಗಳು, ಒಂದೊಂದರಲ್ಲಿ ಒಂದೊಂದು ಆಟ. ಎಲ್ಲವೂ ಹಳೆಯದು, ಒಟ್ಟಾಗಿ ಕೊಂಡದ್ದು. ಮಾರಿದವರು “ಎಲ್ಲ ಕೆಲಸ ಮಾಡುತ್ತವೆ, ಕೈಪಿಡಿಗಳೂ ಇವೆ” ಎಂದಿದ್ದರು. ಮೊದಲ ಮಾತು ಮುಕ್ಕಾಲು ಪಾಲು ಸತ್ಯವಾಗಿತ್ತು. ಕೈಪಿಡಿ ಮಾತ್ರ ಒಂದೂ ಇರಲಿಲ್ಲ. ಆಗ ಅದನ್ನು ದೊಡ್ಡ ಕೊರತೆ ಎಂದು ನಾನು ಎಣಿಸಲಿಲ್ಲ. ಆ ತಪ್ಪಿನ ಲೆಕ್ಕ ಮುಂದೆ ಬರುತ್ತದೆ. ಪೆಟ್ಟಿಗೆಯಲ್ಲಿ ‘ಅತಿ ಕೆಟ್ಟ ಆಟ’ಗಳ ಪಟ್ಟಿಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಹೆಸರುಗಳಿದ್ದವು. ಕೊಳ್ಳಲು ಅದೇ ಕಾರಣ. ಒಳ್ಳೆಯ ಆಟಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕೆಟ್ಟದ್ದನ್ನು ವರ್ಷಗಟ್ಟಲೆ ಇಟ್ಟುಕೊಂಡು ಆಡಿದವರು ಕಡಿಮೆ.

ಯಂತ್ರದ ದೇಹಸ್ಥಿತಿಯನ್ನು ಮೊದಲು ಮುಗಿಸುತ್ತೇನೆ. ಒಂಬತ್ತು ವೋಲ್ಟ್‌ನ ಅಡಾಪ್ಟರ್ ಬದಲಿಸಿದ್ದೇನೆ. ಕಾರ್ಟ್ರಿಜ್‌ಗಳ ತಾಮ್ರದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದರೆ ‘ಸತ್ತಿದೆ’ ಎಂದುಕೊಂಡದ್ದರಲ್ಲಿ ಹೆಚ್ಚಿನವು ಎದ್ದು ಕೂರುತ್ತವೆ. ಹತ್ತಿಯ ಮೇಲೆ ಬರುವ ಕಪ್ಪನ್ನು ನೋಡಿದರೆ ಏಕೆ ಎಂದು ಗೊತ್ತಾಗುತ್ತದೆ. ಇದು ಹುಟ್ಟಿದ್ದು ಆಂಟೆನಾ ತಂತಿಯ ಮೂಲಕ ಟಿವಿಗೆ ಚಿತ್ರ ಕಳಿಸುವ ಕಾಲದಲ್ಲಿ. ಹೊಸ ಟಿವಿಗೆ ಹೊಂದಿಸಲು ಒಳಗೆ ಕಾಂಪೊಸಿಟ್ ಔಟ್‌ಪುಟ್ ಹಾಕಿಸಿದೆ. ಮೊದಲು ಮಾಡಿದ ರಿಪೇರಿಯವರ ಕೈಯಲ್ಲಿ ಚಿತ್ರದ ಮೇಲೆ ಅಡ್ಡಗೆರೆಗಳು ಓಡಾಡುತ್ತಿದ್ದವು, ಎರಡನೆಯವರು ಬೆಸುಗೆ ಬಿಚ್ಚಿ ಸರಿಪಡಿಸಿದರು. ಜಾಯ್‌ಸ್ಟಿಕ್‌ಗಳ ಒಳಗಿನ ಪ್ಲಾಸ್ಟಿಕ್ ಉಂಗುರ ವಯಸ್ಸಾಗಿ ಸೀಳಿತ್ತು. ಬಿಡಿಭಾಗ ಇಂದಿಗೂ ಸಿಗುತ್ತದೆ. ಎರಡು ಗಂಟೆ ಆಡಿದರೆ ಎಡಗೈಯ ಹೆಬ್ಬೆರಳಿನ ಬುಡ ನೋಯುತ್ತದೆ. ಇದಕ್ಕೆ ಬಿಡಿಭಾಗ ಸಿಕ್ಕಿಲ್ಲ.

ಇನ್ನು ಒಳಗಿನ ವಿಷಯ. ಇದನ್ನು ತಿಳಿಯದೆ ಈ ಆಟಗಳನ್ನು ಬೈಯುವುದು ಅನ್ಯಾಯವಾಗುತ್ತದೆ. 1977ರ ಸೆಪ್ಟೆಂಬರ್‌ನಲ್ಲಿ 199 ಡಾಲರ್‌ಗೆ ಅಮೆರಿಕದ ಅಂಗಡಿಗೆ ಬಂದ ಈ ಯಂತ್ರದ ಕಾರ್ಯಸ್ಮೃತಿ 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್. ಇಂದಿನ ಕಂಪ್ಯೂಟರ್ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ತೆಗೆದುಕೊಳ್ಳುತ್ತದೆ, ಆದ್ದರಿಂದ ನೀವು ಈಗ ಓದುತ್ತಿರುವ ಈ ವಾಕ್ಯದ ಅರ್ಧವೂ ಆ ಯಂತ್ರದ ನೆನಪಿನಲ್ಲಿ ಹಿಡಿಯುವುದಿಲ್ಲ. ಇಡೀ ಪರದೆಯ ಚಿತ್ರವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳುವ ಮಾತೇ ಇಲ್ಲ. ಟಿವಿಯ ಎಲೆಕ್ಟ್ರಾನ್ ಕಿರಣ ಒಂದೊಂದು ಗೆರೆ ಎಳೆಯುತ್ತಾ ಹೋದಂತೆ ಪ್ರೋಗ್ರಾಂ ಅದರ ಜೊತೆಗೇ ಓಡಿ, ಆ ಗೆರೆಯಲ್ಲಿ ಏನಿರಬೇಕೆಂದು ಆ ಕ್ಷಣವೇ ಹೇಳಬೇಕು. ಒಂದು ಗೆರೆಗೆ ಪ್ರೊಸೆಸರ್‌ಗೆ ಸಿಗುವುದು 76 ಮಿಡಿತ. ಲೆಕ್ಕಾಚಾರವನ್ನೆಲ್ಲ ಕಿರಣ ಪರದೆಯ ತಳ ಮುಟ್ಟಿ ಮತ್ತೆ ಮೇಲಕ್ಕೆ ಹೋಗುವ ಬಿಡುವಿನಲ್ಲಿ ಮುಗಿಸಿಕೊಳ್ಳಬೇಕು.

ಚಲಿಸುವ ವಸ್ತುಗಳ ಲೆಕ್ಕವೂ ಅಷ್ಟೇ ಬಿಗಿ: ಇಬ್ಬರು ಆಟಗಾರರು, ಅವರಿಗೆ ಒಂದೊಂದು ಗುಂಡು, ಒಂದು ಚೆಂಡು. ಏಕೆಂದರೆ ವಿನ್ಯಾಸ ಮಾಡಿದವರ ಕಣ್ಣ ಮುಂದೆ ಇದ್ದದ್ದು ಆಗಿನ ಆರ್ಕೇಡ್‌ನ (ನಾಣ್ಯ ಹಾಕಿ ಆಡುವ ಆಟದಂಗಡಿಯ) ‘ಪಾಂಗ್’ ಮತ್ತು ‘ಟ್ಯಾಂಕ್’. ಚೆಂಡಾಟವೊಂದು, ಟ್ಯಾಂಕಿನ ಕಾದಾಟವೊಂದು, ಒಂದೆರಡು ವರ್ಷದ ವ್ಯಾಪಾರ, ಅಷ್ಟು ಸಾಕೆಂದು ಹೊಲಿದ ಅಂಗಿ ಅದು. 1980ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಬಂದು ಕನ್ಸೋಲ್ ಮಾರಾಟವನ್ನು ಹಲವು ಪಟ್ಟು ಏರಿಸಿದ ಮೇಲೆ ಅದೇ ಅಂಗಿಯನ್ನು ಬೆಳೆದ ಮೈಗೆ ಎಳೆಎಳೆದು ತೊಡಿಸಿದರು.

ಹರಿದದ್ದು ಎಲ್ಲಿ ಎಂದು ನೋಡಬೇಕಾದರೆ ‘ಪ್ಯಾಕ್-ಮ್ಯಾನ್’ ಹಾಕಬೇಕು. 1982ರ ಮಾರ್ಚ್‌ನಲ್ಲಿ ಬಂದ ಈ ಕಾರ್ಟ್ರಿಜ್ 70 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ನನ್ನ ಪೆಟ್ಟಿಗೆಯಲ್ಲಿ ಅತ್ಯಂತ ಬೇಸರ ತರಿಸುವ ಆಟವೂ ಇದೇ. ಇದನ್ನು ಬರೆದ ಟಾಡ್ ಫ್ರೈ ಅವರಿಗೆ ಕಾರ್ಟ್ರಿಜ್‌ನಲ್ಲಿ ಸಿಕ್ಕಿದ್ದು ನಾಲ್ಕು ಕಿಲೋಬೈಟ್. ನಾಲ್ಕು ಭೂತ, ಒಂದು ಪ್ಯಾಕ್-ಮ್ಯಾನ್. ಯಂತ್ರದಲ್ಲಿ ಆಟಗಾರರು ಇಬ್ಬರೇ. ಆದ್ದರಿಂದ ಭೂತಗಳನ್ನು ಸರದಿಯ ಮೇಲೆ ತೋರಿಸುತ್ತಾರೆ: ಪರದೆಯಲ್ಲಿ ಒಮ್ಮೆ ಮೂಡುವ ಚಿತ್ರಕ್ಕೆ ಒಂದು ಭೂತ. ಹಳೆಯ ಟಿವಿಯ ಗಾಜಿನಲ್ಲಿ ಬೆಳಕು ಕ್ಷಣಕಾಲ ಉಳಿಯುತ್ತಿದ್ದುದರಿಂದ ಅದು ಮಿನುಗಿದಂತೆ ಕಾಣುತ್ತಿತ್ತು. ನನ್ನ ಚಪ್ಪಟೆ ಟಿವಿಯಲ್ಲಿ ಆ ದಯೆಯೂ ಇಲ್ಲ. ಭೂತಗಳು ಇವೆ, ಇಲ್ಲ, ಇವೆ. ಭೂತಗಳಿಗೆ ಅದು ತಕ್ಕದ್ದೇ ಎಂದು ಮೊದಲ ವಾರ ನಕ್ಕಿದ್ದೆ. ಎರಡನೆಯ ವಾರ ಕಣ್ಣು ಉರಿಯಿತು. ಹಣ್ಣುಗಳ ಜಾಗದಲ್ಲಿ ಒಂದು ಚೌಕ, ಚುಕ್ಕೆಗಳ ಜಾಗದಲ್ಲಿ ಅಡ್ಡಗೀಟು, ಮೇಲಕ್ಕೆ ಹೋದರೂ ಕೆಳಕ್ಕೆ ಹೋದರೂ ಪಕ್ಕಕ್ಕೇ ಮುಖ ಮಾಡಿದ ನಾಯಕ, ತಿಂದಾಗ ತಗಡು ಬಡಿದಂತಹ ಸದ್ದು.

“ಯಂತ್ರಕ್ಕೆ ಅಷ್ಟೇ ಶಕ್ತಿ ಇದ್ದದ್ದು” ಎಂದು ಅದರ ಪರ ವಾದಿಸಬಹುದು. ನಾನೂ ಸ್ವಲ್ಪ ಕಾಲ ವಾದಿಸಿದೆ. ಆದರೆ ಅದೇ ವರ್ಷ ಡೇವಿಡ್ ಕ್ರೇನ್ ಅದೇ ನಾಲ್ಕು ಕಿಲೋಬೈಟ್‌ನಲ್ಲಿ ‘ಪಿಟ್‌ಫಾಲ್’ ಮಾಡಿದರು: 255 ಪರದೆಗಳ ಕಾಡು, ಮೊಸಳೆ, ಬಳ್ಳಿ, ಹೂಳು. ಅಷ್ಟು ಪರದೆಗಳನ್ನು ಕೂಡಿಡುವ ಜಾಗ ಎಲ್ಲಿಯೂ ಇಲ್ಲ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟುವಂತೆ ಸೂತ್ರ ಬರೆದು, ಪ್ರತಿ ಪರದೆಯನ್ನೂ ಆಗಾಗಲೇ ಲೆಕ್ಕ ಹಾಕಿಸಿದರು. ಕ್ಯಾರಲ್ ಶಾ ಅವರ ‘ರಿವರ್ ರೇಡ್’ ಕೂಡ ಅದೇ ವರ್ಷದ್ದು, ಅದೇ ಅಳತೆಯದು, ನದಿಯನ್ನು ಅಂಥದೇ ಉಪಾಯದಿಂದ ಹರಿಸುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಅತಿ ಹೆಚ್ಚು ಆಡಿದ ಕಾರ್ಟ್ರಿಜ್ ಅದು. ಈ ಎರಡೂ ಆಟಗಳು ಈ ಯಂತ್ರಕ್ಕಾಗಿಯೇ ಯೋಚಿಸಿದವು. ‘ಪ್ಯಾಕ್-ಮ್ಯಾನ್’ ಆರ್ಕೇಡ್‌ನ ಯಂತ್ರಕ್ಕೆ ಯೋಚಿಸಿದ್ದು. ಅದೂ ಎಲ್ಲರಿಗೂ ಮೊದಲೇ ಬಾಯಿಪಾಠವಾಗಿದ್ದ ಆಟ. ಮೂಲವನ್ನು ನೋಡದವರು ಯಾರೂ ಇರಲಿಲ್ಲವಾದ್ದರಿಂದ, ಕಡಿಮೆಯಾದದ್ದು ಎಷ್ಟು ಎಂಬುದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು. ಮುಂದೆ ಇದೇ ಯಂತ್ರಕ್ಕೆ ಬಂದ ‘ಮಿಸ್ ಪ್ಯಾಕ್-ಮ್ಯಾನ್’ ಎರಡು ಪಟ್ಟು ಜಾಗದಲ್ಲಿ ಎಷ್ಟೋ ಪಾಲು ಮರ್ಯಾದೆ ಉಳಿಸಿಕೊಂಡಿತು. ಕೊಳ್ಳುವುದಾದರೆ ಅದನ್ನು ಕೊಳ್ಳಿ.

ಕ್ರೇನ್ ಮತ್ತು ಶಾ ಅವರ ಹೆಸರು ನಮಗೆ ಗೊತ್ತಿರುವುದಕ್ಕೂ ಒಂದು ಕಾರಣವಿದೆ. ಅಟಾರಿ ಆಗ ಆಟ ಬರೆದವರ ಹೆಸರನ್ನು ಹಾಕುತ್ತಿರಲಿಲ್ಲ. ಆ ಸಿಟ್ಟಿಗೇ ವಾರೆನ್ ರಾಬಿನೆಟ್ ‘ಅಡ್ವೆಂಚರ್’ ಆಟದ ಗುಪ್ತ ಕೋಣೆಯೊಂದರಲ್ಲಿ ತಮ್ಮ ಹೆಸರನ್ನು ಬಚ್ಚಿಟ್ಟರು; ಆ ಸಿಟ್ಟಿಗೇ ನಾಲ್ವರು ಪ್ರೋಗ್ರಾಮರ್‌ಗಳು ಹೊರನಡೆದು, 1979ರಲ್ಲಿ ಆಕ್ಟಿವಿಷನ್ ಕಟ್ಟುವುದರಲ್ಲಿ ಪಾಲುಗೊಂಡರು. ಕನ್ಸೋಲ್ ಮಾಡಿದವರಲ್ಲದೆ ಬೇರೆಯವರೂ ಅದಕ್ಕೆ ಆಟ ಮಾರಬಹುದು ಎಂಬ ದಾರಿ ಹೀಗೆ ತೆರೆಯಿತು. ಅಟಾರಿ ಮತ್ತು ಆಕ್ಟಿವಿಷನ್ ನಡುವಿನ ನ್ಯಾಯಾಲಯದ ಜಗಳ 1982ರಲ್ಲಿ ರಾಜಿಯಾಗಿ ಮುಗಿದ ಮೇಲೆ ಆ ದಾರಿಯಲ್ಲಿ ಯಾರು ಯಾರು ಬಂದರೋ! ಓಟ್ಸ್ ಮಾರುವ ಕ್ವೇಕರ್ ಕಂಪನಿಗೆ ಒಂದು ಆಟದ ವಿಭಾಗ. ನಾಯಿಯ ಆಹಾರ ಮಾರುವವರ ಪ್ರಚಾರಕ್ಕೆ ‘ಚೇಸ್ ದ ಚಕ್ ವ್ಯಾಗನ್’. ಜಾನ್ಸನ್ ಅಂಡ್ ಜಾನ್ಸನ್ ಹೆಸರಿನಲ್ಲಿ ಹಲ್ಲು ಕಾಯುವ ಆಟ. ಈ ಸಾಲಿನವುಗಳಲ್ಲಿ ಹೆಚ್ಚಿನವನ್ನು ನಾನು ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಂನಲ್ಲಿ) ಆಡಿದ್ದೇನೆ, ತಲಾ ಹತ್ತು ನಿಮಿಷ. ಹನ್ನೊಂದನೆಯ ನಿಮಿಷಕ್ಕೆ ಅವುಗಳ ಬಳಿ ಏನೂ ಉಳಿದಿರುವುದಿಲ್ಲ.

ಈಗ ‘ಇ.ಟಿ.’. ಜಗತ್ತಿನ ಅತಿ ಕೆಟ್ಟ ಆಟವೆಂದು ಇದಕ್ಕೆ ಹೆಸರು; ಮಾರಾಟವಾಗದೆ ಉಳಿದ ಪ್ರತಿಗಳನ್ನು ಕೊನೆಗೆ ಮಣ್ಣಿನಲ್ಲಿ ಹೂಳಿದರು. ಕಥೆ ಗೊತ್ತಿರುವವರು ಮುಂದಿನ ಕೆಲವು ಸಾಲು ಬಿಡಬಹುದು: ಅನ್ಯಗ್ರಹದ ಜೀವಿಯೊಂದರ ಬಗ್ಗೆ ಸ್ಪೀಲ್‌ಬರ್ಗ್ ಮಾಡಿದ ಇದೇ ಹೆಸರಿನ ಚಲನಚಿತ್ರದ ಹಕ್ಕಿನ ಮಾತುಕತೆ ಮುಗಿದದ್ದು 1982ರ ಜುಲೈ ಕೊನೆಯಲ್ಲಿ. ತೆತ್ತ ಮೊತ್ತ ಎರಡು ಕೋಟಿ ಡಾಲರ್‌ಗೂ ಮೇಲೆ ಎಂದು ವರದಿಯಾಗಿತ್ತು. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿರಬೇಕಾದರೆ ಸೆಪ್ಟೆಂಬರ್ 1ಕ್ಕೆ ಆಟ ಸಿದ್ಧವಾಗಬೇಕು. ಸಾಮಾನ್ಯವಾಗಿ ಐದಾರು ತಿಂಗಳು ಹಿಡಿಯುವ ಕೆಲಸಕ್ಕೆ ಐದು ವಾರ. ಒಪ್ಪಿಕೊಂಡವರು ಹೊವಾರ್ಡ್ ಸ್ಕಾಟ್ ವಾರ್ಷಾ, ಅದಕ್ಕೆ ಮೊದಲು ‘ಯಾರ್ಸ್ ರಿವೆಂಜ್’ ಎಂಬ ಅಚ್ಚುಕಟ್ಟಾದ ಆಟ ಬರೆದವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮೇಲಧಿಕಾರಿಗಳ ಕೆಳಗೆ ಒಬ್ಬರಾದರೂ ಹಾಲು ಕರೆಯಲು ಕೂತರು.

ಕಾರ್ಟ್ರಿಜ್ ಹಾಕಿದಾಗ ಮೊದಲು ಕಾಣುವುದು ನಾಯಕನ ದೊಡ್ಡ ಮುಖ, ಜೊತೆಗೆ ಚಿತ್ರದ ಸಂಗೀತದ ಒಂದು ತುಣುಕು. 1982ಕ್ಕೆ ಅದು ಚೆನ್ನಾಗಿಯೇ ಇದೆ. ಆಮೇಲೆ ಅವನು ಕಾಡಿಗೆ ಇಳಿಯುತ್ತಾನೆ. ಕೈಪಿಡಿ ಇಲ್ಲದೆ ಆಡಿದ ನನಗೆ ಮೊದಲ ಎರಡು ವರ್ಷ ಆದದ್ದು ಇಷ್ಟು: ನಡೆದೆ, ಬಿದ್ದೆ, ಎದ್ದೆ, ಬಿದ್ದೆ, ಯಾರೋ ಕೋಟು ತೊಟ್ಟವನು ಬಂದು ಏನೋ ಕಿತ್ತುಕೊಂಡು ಹೋದ, ಶಕ್ತಿ ಮುಗಿದು ಸತ್ತೆ. ಪರದೆಯ ಮೇಲಂಚಿನಲ್ಲಿ ನಿಂತ ಜಾಗಕ್ಕೆ ತಕ್ಕಂತೆ ಚಿಹ್ನೆಗಳು ಬದಲಾಗುತ್ತಿದ್ದವು; ಅವು ಅಲಂಕಾರ ಎಂದುಕೊಂಡಿದ್ದೆ.

ಮೂರನೆಯ ವರ್ಷ ಬೇರೆಡೆಯಿಂದ ಮೂಲ ಕೈಪಿಡಿಯ ಒಂದು ಪ್ರತಿ ಸಿಕ್ಕಿತು. ಓದಿದ ಸಂಜೆಯೇ ಆಟ ಮುಗಿಸಿದೆ. ಆ ಚಿಹ್ನೆಗಳೇ ಆಟ. ಒಂದು ಜಾಗದಲ್ಲಿ ಬಟನ್ ಒತ್ತಿದರೆ ಪಕ್ಕದ ಪರದೆಗೆ ಹಾರಬಹುದು. ಇನ್ನೊಂದರಲ್ಲಿ ಬೆನ್ನಟ್ಟುವವರನ್ನು ವಾಪಸು ಕಳಿಸಬಹುದು. ಪ್ರಶ್ನಾರ್ಥಕ ಚಿಹ್ನೆ ಇರುವಲ್ಲಿ ಒತ್ತಿದರೆ ಆ ಪರದೆಯ ಯಾವ ಗುಂಡಿಯಲ್ಲಿ ದೂರವಾಣಿಯ ತುಂಡು ಇದೆಯೆಂದು ತಿಳಿಯುತ್ತದೆ. ಮೂರು ತುಂಡು ಕೂಡಿಸಿ, ಮನೆಗೆ ಕರೆ ಮಾಡಿ, ಅಂತರಿಕ್ಷದ ಹಡಗು ಇಳಿಯುವ ಹೊತ್ತಿಗೆ ಕಾಡಿನ ಸರಿಯಾದ ಜಾಗದಲ್ಲಿ ನಿಲ್ಲಬೇಕು. ಆರು ಪರದೆಗಳು ಒಂದು ಘನದ ಆರು ಮುಖಗಳಂತೆ ಒಂದಕ್ಕೊಂದು ಅಂಟಿವೆ. ತುಂಡುಗಳ ಜಾಗ ಪ್ರತಿ ಸಲ ಬೇರೆ. ಗುರಿ ಇದೆ, ಹುಡುಕಾಟ ಇದೆ, ಮುಗಿಯುವ ಒಂದು ಕೊನೆ ಇದೆ. ಗುಂಡು ಹಾರಿಸಿ ಅಂಕ ಗಳಿಸುವುದೇ ಆಟ ಎಂದಿದ್ದ ಕಾಲಕ್ಕೆ ಇದು ಸಣ್ಣ ಆಸೆಯಲ್ಲ.

ಆದರೂ ಗುಂಡಿಗಳನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ಚಿತ್ರವನ್ನು ಓರೆಯಾಗಿ ಮೇಲಿನಿಂದ ನೋಡಿದಂತೆ ಬರೆದಿದ್ದಾರೆ, ಹಾಗಾಗಿ ಕಾಲು ಅಂಚಿನ ಆಚೆ ಇದ್ದರೆ ಸುರಕ್ಷಿತ ಎಂದು ಕಣ್ಣು ಹೇಳುತ್ತದೆ. ಯಂತ್ರ ನೋಡುವುದು ಪಿಕ್ಸೆಲ್‌ಗಳನ್ನು: ಇಡೀ ದೇಹದಲ್ಲಿ ಒಂದು ಚುಕ್ಕೆ, ತಲೆಯದೇ ಆಗಲಿ, ಗುಂಡಿಯ ಬಣ್ಣಕ್ಕೆ ತಾಕಿದರೆ ಬಿದ್ದಂತೆಯೇ. ಕಣ್ಣಿಗೂ ಲೆಕ್ಕಕ್ಕೂ ನಡುವಿನ ಈ ಬಿರುಕಿನಲ್ಲಿ ಆಟ ಸತ್ತಿದೆ. ಇನ್ನೊಂದು ತಿಂಗಳು ಸಿಕ್ಕಿದ್ದರೆ, ಹೊರಗಿನ ಮಕ್ಕಳ ಕೈಗೆ ಒಂದು ವಾರ ಕೊಟ್ಟಿದ್ದರೆ, ಮೊದಲ ದಿನವೇ ಇದು ಬಯಲಾಗುತ್ತಿತ್ತು. ದಶಕಗಳ ನಂತರ ಹವ್ಯಾಸಿಗಳು ಕೆಲವೇ ಬೈಟ್‌ಗಳನ್ನು ಬದಲಿಸಿ ಈ ತೊಂದರೆ ತೆಗೆದುಹಾಕಿದರು. ಆ ರೂಪವನ್ನು ಆಡಿ ನೋಡಿದ್ದೇನೆ. ಶ್ರೇಷ್ಠ ಆಟವಲ್ಲ, ಆದರೆ ಯಾರೂ ಹೂಳಬೇಕೆನ್ನುವಂತಹದ್ದೂ ಅಲ್ಲ. ನನ್ನ ಅಂಕ: ಕೈಪಿಡಿ ಇಲ್ಲದೆ ಹತ್ತಕ್ಕೆ ಎರಡು, ಇದ್ದರೆ ಐದು. ‘ಪ್ಯಾಕ್-ಮ್ಯಾನ್’ಗೆ ಎರಡೂ ಸಂದರ್ಭದಲ್ಲಿ ಮೂರು.

ಹೂಳಿದ್ದು ಏಕೆ ಎನ್ನುವುದಕ್ಕೆ ಉತ್ತರ ಕಾರ್ಟ್ರಿಜ್ ಒಳಗೆ ಇಲ್ಲ, ಅದರ ಎಣಿಕೆಯಲ್ಲಿ ಇದೆ. ‘ಇ.ಟಿ.’ ಮಾರಾಟವಾಗದ ಆಟವಲ್ಲ. ಸುಮಾರು 15 ಲಕ್ಷ ಪ್ರತಿ ಹೋಯಿತು ಎನ್ನುತ್ತವೆ ವರದಿಗಳು. ಇಂದಿಗೂ ಹಲವು ಕಂಪನಿಗಳು ಅಷ್ಟಕ್ಕೆ ಹಬ್ಬ ಮಾಡುತ್ತವೆ. ಆದರೆ ತಯಾರಿಸಿದ್ದು 40 ಲಕ್ಷದ ಆಸುಪಾಸು. ಹಕ್ಕಿಗೆ ತೆತ್ತ ಹಣ ಹಿಂದಿರುಗಬೇಕಾದರೆ ಅಷ್ಟು ಮಾರಲೇಬೇಕು ಎಂಬ ತಲೆಕೆಳಗಾದ ಲೆಕ್ಕ ಅದು. ಎಷ್ಟು ಜನ ಕೊಳ್ಳುತ್ತಾರೆ ಎಂಬುದರಿಂದ ಶುರುವಾಗಬೇಕಾದದ್ದು ಎಷ್ಟು ಹಣ ಕೊಟ್ಟಿದ್ದೇವೆ ಎಂಬುದರಿಂದ ಶುರುವಾಯಿತು.

1982ರ ಡಿಸೆಂಬರ್ 7ರಂದು ಅಟಾರಿಯ ಒಡೆಯರಾದ ವಾರ್ನರ್ ಕಮ್ಯುನಿಕೇಷನ್ಸ್, ಆ ವರ್ಷದ ಲಾಭದ ಏರಿಕೆ ನಿರೀಕ್ಷಿಸಿದ್ದ ಶೇ 50 ಅಲ್ಲ, ಶೇ 10ರಿಂದ 15 ಮಾತ್ರ ಎಂದು ಪ್ರಕಟಿಸಿತು. ಗಮನಿಸಿ, ನಷ್ಟ ಎಂದಿಲ್ಲ, ಕಡಿಮೆ ಏರಿಕೆ ಎಂದಿತು ಅಷ್ಟೆ. ಷೇರಿನ ಬೆಲೆ ಮರುದಿನವೇ ಸುಮಾರು ಮೂರನೇ ಒಂದು ಭಾಗ ಕುಸಿಯಿತು. 1983ರಲ್ಲಿ ಅಟಾರಿಯ ನಷ್ಟ 50 ಕೋಟಿ ಡಾಲರ್ ದಾಟಿತು. ಆಚೆ ಅಂಗಡಿಗಳಲ್ಲಿ ಇನ್ನೊಂದು ನಾಟಕ ನಡೆಯುತ್ತಿತ್ತು. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ಹಿಂದಿರುಗಿಸಲು ಹೋದರೆ ಸಣ್ಣ ಕಂಪನಿಗಳಲ್ಲಿ ಕೊಡಲು ಹಣವಿಲ್ಲ, ಕೆಲವು ಕಂಪನಿಗಳೇ ಇಲ್ಲ. ಉಳಿದ ಸರಕನ್ನು ಬುಟ್ಟಿಗೆ ಸುರಿದು ಐದು ಡಾಲರ್ ಚೀಟಿ ಅಂಟಿಸಿದರು. ಬುಟ್ಟಿಯ ಪಕ್ಕದ ಕಪಾಟಿನಲ್ಲಿ ಹೊಸ ಆಟಕ್ಕೆ ಮೂವತ್ತೈದು. ಯಾವುದು ಚೆನ್ನಾಗಿದೆ ಎಂದು ಹೇಳುವವರಿಲ್ಲದಾಗ ತಂದೆತಾಯಿ ಯಾವುದಕ್ಕೆ ಕೈ ಹಾಕುತ್ತಾರೆ? ‘ಪಿಟ್‌ಫಾಲ್’ನಂತಹ ಆಟ ಬರೆದವರೂ ಈ ಬುಟ್ಟಿಯ ಕೆಳಗೆ ಸಿಕ್ಕಿಬಿದ್ದರು. ಜೊತೆಗೆ ಕಮೊಡೋರ್ 64 ಕಂಪ್ಯೂಟರ್ 595 ಡಾಲರ್‌ನಿಂದ ಒಂದೇ ವರ್ಷದಲ್ಲಿ 200ರ ಹತ್ತಿರಕ್ಕೆ ಇಳಿಯಿತು. ಆಟವೂ ಆಡಬಹುದು, ಪಾಠವೂ ಕಲಿಯಬಹುದು ಎನ್ನುವ ಜಾಹೀರಾತಿನ ಎದುರು ಕನ್ಸೋಲ್ ಬರಿಯ ಆಟಿಕೆಯಾಯಿತು. 1983ರಲ್ಲಿ 320 ಕೋಟಿ ಡಾಲರ್ ಎನ್ನಲಾಗಿದ್ದ ಅಮೆರಿಕದ ಮನೆ ವಿಡಿಯೊ ಗೇಮ್ ವ್ಯಾಪಾರ 1985ಕ್ಕೆ 10 ಕೋಟಿಗೆ ಬಂದು ನಿಂತಿತು.

1983ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಎಲ್ ಪಾಸೊ ಕಾರ್ಖಾನೆಯಿಂದ ಲಾರಿಗಳು ಹೊರಟು ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಪಟ್ಟಣದ ಕಸದ ಹೊಂಡಕ್ಕೆ ಸರಕು ಸುರಿದವು. ಮೇಲೆ ಕಾಂಕ್ರೀಟ್. 2014ರ ಏಪ್ರಿಲ್ 26ರಂದು ಅಗೆದಾಗ ‘ಇ.ಟಿ.’ ಸಿಕ್ಕಿತು, ಜೊತೆಗೆ ಹೆಸರು ಕೆಡದ ಎಷ್ಟೋ ಆಟಗಳೂ ಸಿಕ್ಕವು. ಅಂದರೆ ಅದು ಒಂದು ಆಟದ ಸಮಾಧಿಯಲ್ಲ, ಒಂದು ಗೋದಾಮಿನ ಸಮಾಧಿ. ಪ್ರೋಗ್ರಾಂ ಬರೆಯುವುದನ್ನು ಬಿಟ್ಟು ಮನೋಚಿಕಿತ್ಸಕರಾಗಿದ್ದ ವಾರ್ಷಾ ಆ ದಿನ ಅಲ್ಲಿದ್ದರು. ಅಗೆದು ತೆಗೆದ ಪ್ರತಿಯೊಂದು ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಪೆಟ್ಟಿಗೆಯಲ್ಲಿ ಒರೆಸಿ ಇಟ್ಟ ನನ್ನ ಪ್ರತಿಗೆ ಆ ಭಾಗ್ಯವಿಲ್ಲ, ಅದು ಕೆಲಸ ಮಾಡುತ್ತದೆ.

ಆ ಬುಟ್ಟಿಗಳ ಭಯದಿಂದ ಹುಟ್ಟಿದ್ದು ಇಂದಿಗೂ ನಮ್ಮ ಜೊತೆಗಿದೆ. 1985ರಲ್ಲಿ ನಿಂಟೆಂಡೊ ನ್ಯೂಯಾರ್ಕ್‌ನಲ್ಲಿ ತನ್ನ ಯಂತ್ರವನ್ನು ಇಳಿಸಿದಾಗ ಅಂಗಡಿಯವರು ವಿಡಿಯೊ ಗೇಮ್ ಎಂಬ ಹೆಸರಿಗೇ ಮುಖ ತಿರುಗಿಸುತ್ತಿದ್ದರು. ಆದ್ದರಿಂದ ಅದಕ್ಕೆ ‘ಎಂಟರ್‌ಟೈನ್‌ಮೆಂಟ್ ಸಿಸ್ಟಮ್’ ಎಂದು ಹೆಸರು, ಜೊತೆಗೊಂದು ಪ್ಲಾಸ್ಟಿಕ್ ರೋಬೊ. ಒಳಗೆ ಬೀಗದ ಚಿಪ್: ಅನುಮತಿ ಪಡೆಯದ ಕಾರ್ಟ್ರಿಜ್ ತೆರೆಯುವುದೇ ಇಲ್ಲ. ಹೊರಗಿನ ಕಂಪನಿಗೆ ವರ್ಷಕ್ಕೆ ಐದೇ ಆಟ. ನನ್ನ 2600ರಲ್ಲಿ ಅಂಥ ಬೀಗವಿಲ್ಲ, ಹಾಗಾಗಿ ಹವ್ಯಾಸಿಗಳು ಈಗಲೂ ಹೊಸ ಆಟ ಬರೆದು ಕಾರ್ಟ್ರಿಜ್ ಮಾಡುತ್ತಿದ್ದಾರೆ. ಮಾರುಕಟ್ಟೆಯನ್ನು ಮುಳುಗಿಸಿದ ರಂಧ್ರವೇ ಯಂತ್ರವನ್ನು ಜೀವಂತವಾಗಿ ಇಟ್ಟಿದೆ.

ಹೊಸ ಕಾಲದ ನಿರಾಶೆಗಳ ಜೊತೆ ಹೋಲಿಸಿ ಎಂದು ಗೆಳೆಯರು ಕೇಳುತ್ತಿರುತ್ತಾರೆ. 2016ರ ‘ನೋ ಮ್ಯಾನ್ಸ್ ಸ್ಕೈ’ ಹೇಳಿದ್ದನ್ನೆಲ್ಲ ಕೊಡದೆ ಬಂದು ಬೈಸಿಕೊಂಡಿತು, ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಟ್ಟು ಮರ್ಯಾದೆ ಗಳಿಸಿತು. ವಾರ್ಷಾ ಅವರಿಗೆ ಆ ಅವಕಾಶವಿರಲಿಲ್ಲ. ಕಾರ್ಟ್ರಿಜ್‌ನ ಚಿಪ್ ಒಮ್ಮೆ ತಯಾರಾದರೆ ಮುಗಿಯಿತು. ಇನ್ನೊಂದು ತುದಿಯಲ್ಲಿ ‘ಕಾಂಕಾರ್ಡ್’ ಇದೆ: 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್, ಕೊಂಡವರಿಗೆ ಹಣ ವಾಪಸು. ಅದು ನಿಜಕ್ಕೂ ಎಷ್ಟು ಕೆಟ್ಟದಿತ್ತು ಎಂದು ಹನ್ನೊಂದು ವರ್ಷ ಆಡಿ ನೋಡಿ ಬರೆಯುವ ಭಾಗ್ಯ ಯಾರಿಗೂ ಇಲ್ಲ.

ಕೊಳ್ಳುವ ಯೋಚನೆ ಇದ್ದವರಿಗೆ ಎರಡು ಮಾತು. ಕುತೂಹಲವಷ್ಟೇ ಇದ್ದರೆ ಎಮ್ಯುಲೇಟರ್ ಸಾಕು, ‘ಸ್ಟೆಲ್ಲಾ’ ಉಚಿತವಾಗಿ ಸಿಗುತ್ತದೆ, ಮಿನುಗನ್ನು ಹಳೆಯ ಟಿವಿಯಂತೆ ಮೃದುಗೊಳಿಸುವ ಆಯ್ಕೆಯೂ ಅದರಲ್ಲಿದೆ. ಯಂತ್ರವೇ ಬೇಕೆಂದರೆ ಕಾರ್ಟ್ರಿಜ್‌ಗಿಂತ ಮೊದಲು ಕೈಪಿಡಿ ಕೇಳಿ, ಪುಟಗಳನ್ನು ಎಣಿಸಿ ನೋಡಿ. ‘ಇ.ಟಿ.’ ಆಡುವುದಾದರೆ ಮೂರನೆಯ ಬಗೆಯ ಆಟದಿಂದ ಆರಂಭಿಸಿ. ಅದರಲ್ಲಿ ಬೆನ್ನಟ್ಟುವವರಿಲ್ಲ, ಗುಂಡಿಗಳು ಮಾತ್ರ.

ನನಗೆ ಸಿಕ್ಕ ಆ ಕೈಪಿಡಿಯ ಕೊನೆಯ ಪುಟದ ಖಾಲಿ ಜಾಗದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಅಂಕಗಳನ್ನು ಬರೆದಿದ್ದಾರೆ. ಮಗುವಿನ ಕೈಬರಹ, ಒಂದರ ಕೆಳಗೊಂದು ಹದಿನೇಳು ಸಂಖ್ಯೆಗಳು, ಕೆಲವನ್ನು ಹೊಡೆದುಹಾಕಿ ಪಕ್ಕದಲ್ಲಿ ಇನ್ನೂ ದೊಡ್ಡದನ್ನು ಬರೆದದ್ದು. ಅದರಲ್ಲಿನ ಅತಿ ದೊಡ್ಡ ಅಂಕವನ್ನು ನಾನು ಇನ್ನೂ ಮುಟ್ಟಿಲ್ಲ.